ಹುಳುವಿನ ಹೆಸರು: ಒಂದು ಆಕರವಿಮರ್ಶೆ

ನಾಯಿಯ ಕೊಕ್ಕೆಹುಳುವಿನ ಜಾತಿಯನ್ನು ಗೊತ್ತುಪಡಿಸುವುದು ಪಶುವೈದ್ಯರ ಕೆಲಸ. ಇತಿಹಾಸದ ಅಧ್ಯಾಪಕರಿಗೆ ಅದರ ಗೊಡವೆ ಏಕೆಂದು ವಾಚಕರು ಕೇಳಬಹುದು. ರೋಗಗಳ ಚರಿತ್ರೆಯನ್ನು ಬರೆಯುವವರಿಗೆ ಹಳೆಯ ವೈದ್ಯಕೀಯ ವರದಿಗಳೇ ಆಕರ. ಅವುಗಳಲ್ಲಿನ ಹೆಸರುಗಳು ಎಷ್ಟರಮಟ್ಟಿಗೆ ವಿಶ್ವಾಸಾರ್ಹವೆಂಬುದು ನಮ್ಮ ಪ್ರಶ್ನೆ.

1910ರಲ್ಲಿ ಗೋಮೆಸ್ ದೆ ಫಾರಿಯಾ ಬ್ರೆಜಿಲಿನಲ್ಲಿ ಆಂಕಿಲೊಸ್ಟೋಮ ಬ್ರೆಜಿಲಿಯೆನ್ಸೆ ಎಂಬ ಜಾತಿಯನ್ನು ವರ್ಣಿಸಿದರು. 1911ರಲ್ಲಿ ಲೂಸ್ ಸಿಂಹಳದ ಪುನುಗುಬೆಕ್ಕಿನ ಹುಳುವಿಗೆ ಆಂಕಿಲೊಸ್ಟೋಮ ಸೀಲಾನಿಕಮ್ ಎಂದು ಹೆಸರಿಟ್ಟರು. ಇದು ಭಾರತದಲ್ಲಿ ಮನುಷ್ಯರಲ್ಲಿಯೂ ಇದೆಯೆಂದು 1913ರಲ್ಲಿ ಕ್ಲೇಟನ್ ಲೇನ್ ಪ್ರಕಟಿಸಿದರು. ಅದೇ ವರ್ಷ ಲೈಪರ್ ಎರಡು ಜಾತಿಗಳೂ ಒಂದೇ ಎಂದರು. ಆ ಮಾತೇ ಬಹುಕಾಲ ನಿಂತಿತು. ಅವು ಬೇರೆಬೇರೆಯೆಂದು ಬಿಯೋಕ್ಕಾ ಮತ್ತೆ ಸ್ಥಾಪಿಸಿದುದು 1951ರಲ್ಲಿ. ನಡುವಣ ಸುಮಾರು 40 ವರ್ಷಗಳ ವರದಿಯೊಂದು ‘ಬ್ರೆಜಿಲಿಯೆನ್ಸೆ’ ಎಂದರೆ, ಅದು ಯಾವ ಹುಳುವೆಂದು ಹೆಸರಿನಿಂದಲೇ ನಿರ್ಣಯಿಸಲಾಗದು. ಇದು ಬರಿಯ ಹೆಸರಿನ ಜಗಳವಲ್ಲ. ಬ್ರೆಜಿಲಿಯೆನ್ಸೆಯ ಮರಿ ಮನುಷ್ಯನ ಚರ್ಮದಲ್ಲಿ ಹರಿದಾಡಿ ತುರಿಕೆಯನ್ನುಂಟುಮಾಡುತ್ತದೆ. ಸೀಲಾನಿಕಮ್ ಕರುಳಿನಲ್ಲಿ ಬಲಿತು ರಕ್ತವನ್ನು ಹೀರುತ್ತದೆ.

ಸೂಕ್ಷ್ಮದರ್ಶಕದಲ್ಲಿ ಈ ಜಾತಿಗಳ ಮೊಟ್ಟೆಗಳು ಒಂದೇ ತೆರನಾಗಿ ಕಾಣುತ್ತವೆ. ಆದುದರಿಂದ ಅಣುಪರೀಕ್ಷೆಯ ಉಪಕಾರ ದೊಡ್ಡದು. 2004ರಲ್ಲಿ ರೆಬೆಕಾ ಟ್ರಾಬ್ ಮತ್ತು ಸಂಗಡಿಗರು ನಾಯಿಯ ಮಲದಲ್ಲಿರುವ ಮೊಟ್ಟೆಗಳಿಂದಲೇ ಜಾತಿಯನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿ, ಅಸ್ಸಾಮಿನ ಚಹಾ ತೋಟಗಳ ನಾಯಿಗಳಿಗೆ ಅದನ್ನು ಅನ್ವಯಿಸಿದರು. ಇದರಲ್ಲಿ ಡಿ.ಎನ್.ಎ.ಯ ಒಂದು ಭಾಗವನ್ನು ಹೆಚ್ಚಿಸಿ, ಕಿಣ್ವದಿಂದ ಕತ್ತರಿಸಿ, ತುಂಡುಗಳ ಉದ್ದವನ್ನು ಹೋಲಿಸಲಾಗುತ್ತದೆ.

ಇದರಿಂದ ವಿವಾದವೇ ಮುಗಿಯಿತೆಂಬ ನಿಲುವನ್ನು ನಾವು ಒಪ್ಪಲಾರೆವು. ಹೋಲಿಕೆಗೆ ಹಿಡಿದ ಮಾದರಿಗೇ ತಪ್ಪು ಹೆಸರಿದ್ದರೆ ಪರೀಕ್ಷೆಯೂ ಆ ತಪ್ಪನ್ನೇ ನಿಷ್ಠೆಯಿಂದ ಮರುನುಡಿಯುತ್ತದೆ. 2007ರಲ್ಲಿ ಟ್ರಾಬ್ ಮತ್ತು ಸಂಗಡಿಗರೇ ಭಾರತ ಹಾಗೂ ಆಸ್ಟ್ರೇಲಿಯದ ನಾಯಿಬೆಕ್ಕುಗಳ ಕೊಕ್ಕೆಹುಳುಗಳನ್ನು ಕುರಿತು ಮರುಪರಿಶೀಲನೆಯೊಂದನ್ನು ಪ್ರಕಟಿಸಿದರು. ಗುರುತು ತಪ್ಪಿದ ಪ್ರಸಂಗವೆಂದು ಅದರ ಶೀರ್ಷಿಕೆಯೇ ಸಾರುತ್ತದೆ. ತಮ್ಮ ಕ್ಷೇತ್ರದ ನಿರ್ಣಯವನ್ನು ತಾವೇ ಮತ್ತೆ ವಿಚಾರಣೆಗೊಡ್ಡಿದ ಈ ಪ್ರಾಮಾಣಿಕತೆ, ವಿಧಾನದ ನಯಕ್ಕಿಂತಲೂ ಹೆಚ್ಚಿನ ಗೌರವಕ್ಕೆ ಅರ್ಹವಾದುದು.

ಶಾಸನದ ಪಾಠವನ್ನು ಅಚ್ಚುಮಾಡಿದವರು ಅದರ ಪಡಿಯಚ್ಚನ್ನೂ ಉಳಿಸಿಟ್ಟರೆ ಮುಂದಿನವರು ಪಾಠವನ್ನು ತಿದ್ದಬಲ್ಲರು. ಹುಳುವಿನ ವಿಷಯದಲ್ಲಿಯೂ ಹಾಗೆಯೇ: ಮಾದರಿಯನ್ನು ಕಾಪಾಡಿದಲ್ಲಿ ಮಾತ್ರ ಹೆಸರನ್ನು ತಿದ್ದಲು ಸಾಧ್ಯ. ಹಳೆಯ ವರದಿಯಲ್ಲಿ ಕಾಣುವ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಸಿದ್ಧವಾದ ಸಂಗತಿಯೆಂದು ಎತ್ತಿಕೊಳ್ಳದೆ, ಒಬ್ಬರ ಅಭಿಪ್ರಾಯವೆಂದೇ ಓದತಕ್ಕದ್ದು.