ವ್ಯಾಟ್ ಸುಳ್ಳು ಹೇಳಲ್ಲ

ಡಿಸೆಂಬರ್ ಎರಡನೇ ವಾರ ಬಂತು ಅಂದರೆ ಬೆಂಗಳೂರಿನ ಆಫೀಸುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತೆ: "ಚಿಕ್ಕದೊಂದು ರೂಮ್ ಹೀಟರ್ ತಗೋಬೇಕು, ಯಾವುದು ಒಳ್ಳೇದು?" ಕೇಳಿದವರಿಗೆ ಐದು ನಿಮಿಷದಲ್ಲಿ ನಾಲ್ಕು ಲಿಂಕು ಸಿಗುತ್ತವೆ. ಒಂದರಲ್ಲಿ 'ಸೆರಾಮಿಕ್ ಟೆಕ್ನಾಲಜಿ' ಅಂತಿರುತ್ತೆ, ಇನ್ನೊಂದರಲ್ಲಿ 'ಕರೆಂಟ್ ಉಳಿತಾಯ', ಮತ್ತೊಂದರಲ್ಲಿ 'ಆಮ್ಲಜನಕ ಸುಡುವುದಿಲ್ಲ', ಕೊನೆಯದರಲ್ಲಿ 'ಕೆಲವೇ ನಿಮಿಷದಲ್ಲಿ ಇಡೀ ಕೋಣೆ ಬೆಚ್ಚಗೆ'. ಯಾವ ಕಂಪನಿಯದು ಕೊಳ್ಳಬೇಕು ಅಂತ ನಾನಿಲ್ಲಿ ಹೇಳಲ್ಲ. ನನ್ನ ತಕರಾರು ಇರೋದು ಆ ಡಬ್ಬದ ಮೇಲಿನ ಭಾಷೆಯ ಬಗ್ಗೆ. ಅಲ್ಲಿ ಬರೆದಿರೋದರಲ್ಲಿ ನಂಬಬಹುದಾದದ್ದು ಹೆಚ್ಚುಕಡಿಮೆ ಒಂದೇ ಸಂಖ್ಯೆ. ಅದು ವ್ಯಾಟ್.

ಮೊದಲು 'ಕರೆಂಟ್ ಉಳಿತಾಯ'ದ ಮಾತು. ತಂತಿಯಲ್ಲಿ ವಿದ್ಯುತ್ ಹರಿದರೆ ಎಷ್ಟು ಶಾಖ ಬರುತ್ತೆ ಅನ್ನೋದನ್ನ ಜೇಮ್ಸ್ ಜೂಲ್ 1840ರ ಸುಮಾರಿಗೇ ಲೆಕ್ಕ ಹಾಕಿಟ್ಟಿದ್ದಾನೆ. ಹೀಟರಿನ ಒಳಗೆ ನೈಕ್ರೋಮ್ ಸುರುಳಿ ಇರಲಿ, ಹ್ಯಾಲೊಜೆನ್ ಕೊಳವೆ ಇರಲಿ, ಸೆರಾಮಿಕ್ ಬಿಲ್ಲೆ ಇರಲಿ, ಎಣ್ಣೆ ತುಂಬಿದ ರೇಡಿಯೇಟರ್ ಇರಲಿ, ಒಳಗೆ ಹೋದ 1000 ವ್ಯಾಟ್ ಹೊರಗೆ ಬರೋದು 1000 ವ್ಯಾಟ್ ಶಾಖವಾಗಿಯೇ. ಒಂದು ವ್ಯಾಟ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಂಟುನೂರು ರೂಪಾಯಿಯ ಹೀಟರಿಗೂ ಎಂಟು ಸಾವಿರದ ಹೀಟರಿಗೂ ಈ ವಿಷಯದಲ್ಲಿ ವ್ಯತ್ಯಾಸವೇ ಇಲ್ಲ. 500 ವ್ಯಾಟಿನ ಪುಟಾಣಿ ಹೀಟರು 'ಕರೆಂಟ್ ಉಳಿಸುತ್ತೆ' ಅನ್ನೋದು, ಬೈಟು ಕಾಫಿ ಕುಡಿದವನು ಹಾಲು ಉಳಿಸಿದೆ ಅಂದ ಹಾಗೆ. ಅರ್ಧ ಕುಡಿದಿದ್ದೀಯ, ಅಷ್ಟೇ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡೋ ಯಂತ್ರಗಳೂ ಇವೆ, ಆದರೆ ಅವು ಬಿಸಿ ಗಾಳಿಯನ್ನೂ ಕೊಡೋ ಎಸಿಗಳು. ಅವು ಶಾಖ ತಯಾರಿಸಲ್ಲ, ಹೊರಗಿನ ಗಾಳಿಯಿಂದ ಒಳಗೆ ಸಾಗಿಸುತ್ತವೆ. ಕೈಯಲ್ಲಿ ಹಿಡಿದು ಓಡಾಡಿಸೋ ಹೀಟರಿಗೆ ಆ ವಿದ್ಯೆ ಇಲ್ಲ.

ಇನ್ನು 'ಇಡೀ ಕೋಣೆ ಬೆಚ್ಚಗೆ' ಅನ್ನೋದು. ಹತ್ತು ಅಡಿಗೆ ಹನ್ನೆರಡು ಅಡಿ ರೂಮು, ಹತ್ತಡಿ ಎತ್ತರ ಅಂತ ಇಟ್ಕೊಳ್ಳಿ. ಅದರಲ್ಲಿರೋ ಗಾಳಿ ತೂಗಿದರೆ ಸುಮಾರು 40 ಕೆಜಿ. ಅಷ್ಟು ಗಾಳಿಯನ್ನ ಒಂದು ಡಿಗ್ರಿ ಬಿಸಿ ಮಾಡೋಕೆ 1000 ವ್ಯಾಟಿನ ಹೀಟರಿಗೆ ಮುಕ್ಕಾಲು ನಿಮಿಷವೂ ಬೇಡ. ಹಾಗಾದರೆ ಜಾಹೀರಾತು ನಿಜ ತಾನೇ? ಲೆಕ್ಕದಲ್ಲಿ ನಿಜ, ರೂಮಿನಲ್ಲಿ ಅಲ್ಲ. ಅದೇ ರೂಮಿನ ಆರಿಂಚು ಕಾಂಕ್ರೀಟ್ ಬ್ಲಾಕಿನ ಒಂದೇ ಒಂದು ಗೋಡೆ ಎರಡು ಟನ್ನಿಗಿಂತ ಹೆಚ್ಚು ತೂಗುತ್ತೆ. ಅಂಥ ನಾಲ್ಕು ಗೋಡೆ, ಮೇಲೊಂದು ಆರ್‌ಸಿಸಿ, ಕೆಳಗೆ ಟೈಲ್ಸು. ಗಾಳಿಗೆ ಕೊಟ್ಟ ಬಿಸಿಯನ್ನ ಅವು ಕೂತಲ್ಲೇ ಹೀರಿಕೊಳ್ಳುತ್ತವೆ. ಉಳಿದದ್ದು ವೆಂಟಿಲೇಟರಿನಲ್ಲಿ, ಬಾಗಿಲ ಸಂದಿನಲ್ಲಿ ಹೊರಗೆ ಹೋಗುತ್ತೆ. ನಮ್ಮ ಮನೆಗಳನ್ನ ಕಟ್ಟಿರೋದೇ ಸೆಕೆ ಹೊರಗೆ ಹೋಗಲಿ ಅಂತ. ಚಳಿಗಾಲದ ಒಂದೂವರೆ ತಿಂಗಳಿಗೆ ಅವು ತಮ್ಮ ಸ್ವಭಾವ ಬದಲಾಯಿಸಿಕೊಳ್ಳಲ್ಲ.

ಹಾಗಾಗಿ ಕೊಳ್ಳೋ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ 'ಯಾವ ಟೆಕ್ನಾಲಜಿ' ಅಂತಲ್ಲ. 'ಬೆಚ್ಚಗಾಗಬೇಕಿರೋದು ಯಾರು?' ಅಂತ. ರೂಮೋ, ಮನುಷ್ಯನೋ?

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನ ವಿವರಿಸಬೇಕಿಲ್ಲ. ಬಚ್ಚಲೊಲೆ ಮುಂದೆ ಕೂತರೆ ಎದೆ, ಮೊಣಕಾಲು ಸುಡುವಷ್ಟು ಬಿಸಿ, ಬೆನ್ನು ಮಾತ್ರ ತಣ್ಣಗೆ. ಬಚ್ಚಲಿನ ಗಾಳಿಯೇನೂ ಕಾದಿರಲ್ಲ. ಉರಿಯಿಂದ ಶಾಖ ನೇರವಾಗಿ ಮೈಗೆ ಬಂದು ತಾಗುತ್ತೆ, ಬಿಸಿಲು ತಾಗಿದ ಹಾಗೆ. ಕೆಂಪಗೆ ಉರಿಯೋ ಕ್ವಾರ್ಟ್ಜ್, ಹ್ಯಾಲೊಜೆನ್, ರಾಡ್ ಹೀಟರುಗಳು ಈ ಜಾತಿ. ಫ್ಯಾನ್ ಹೀಟರು, ಸೆರಾಮಿಕ್ ಹೀಟರು, ಎಣ್ಣೆ ರೇಡಿಯೇಟರುಗಳದ್ದು ಬೇರೆ ಜಾತಿ. ಅವು ಮುಖ್ಯವಾಗಿ ಗಾಳಿಯನ್ನ ಕಾಯಿಸುತ್ತವೆ, ಆ ಗಾಳಿ ನಮ್ಮನ್ನ ಕಾಯಿಸಬೇಕು. ಮೇಜಿನ ಮುಂದೆ ಕೂತು ರಾತ್ರಿ ಹನ್ನೊಂದರವರೆಗೆ ಅಮೆರಿಕದವರ ಜೊತೆ ಕಾಲ್‌ನಲ್ಲಿರೋ ಒಬ್ಬ ವ್ಯಕ್ತಿಗೆ 400 ವ್ಯಾಟಿನ ಒಂದು ಕ್ವಾರ್ಟ್ಜ್ ಕೊಳವೆ ಮೂರಡಿ ದೂರದಲ್ಲಿದ್ದರೆ ಸಾಕು. ಅದೇ 400 ವ್ಯಾಟನ್ನ ಫ್ಯಾನಿಗೆ ಕಟ್ಟಿ ಗಾಳಿಯಲ್ಲಿ ಬಿಟ್ಟರೆ, ಅದು ಚಾವಣಿ ಸೇರುತ್ತೆ.

ಬೆಂಗಳೂರಿನ ಚಳಿ ಎಷ್ಟು ಅನ್ನೋದನ್ನೂ ನೋಡಬೇಕು. ಜನವರಿಯಲ್ಲಿ ಸಾಮಾನ್ಯವಾಗಿ ರಾತ್ರಿಯ ಕನಿಷ್ಠ 15–16 ಡಿಗ್ರಿ. ಊರಿನ ದಾಖಲೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ದೆಹಲಿಯಲ್ಲಿರೋ ಕನ್ನಡಿಗರಿಗೆ 2000 ವ್ಯಾಟ್ ಬೇಕು ಅಂದರೆ ಅರ್ಥವಿದೆ. ಅಲ್ಲಿಗೆ ಮಾಡಿದ ಡಬ್ಬವನ್ನೇ ಇಲ್ಲೂ ಮಾರುತ್ತಾರೆ, ನಾವೂ 'ದೊಡ್ಡದೇ ಇರಲಿ' ಅಂತ ತರುತ್ತೀವಿ.

ತಂದ ಮೇಲೆ ಎದುರಾಗೋದು ಪ್ಲಗ್ ಪಾಯಿಂಟು. ಇದನ್ನ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಯಾರೂ ಹಾಕಲ್ಲ. 230 ವೋಲ್ಟಿನಲ್ಲಿ 2000 ವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್. ನಮ್ಮ ಹಾಲಿನಲ್ಲಿ, ಮಂಚದ ಪಕ್ಕದಲ್ಲಿ ಇರೋ ಚಿಕ್ಕ ಸಾಕೆಟ್ಟು 6 ಆಂಪಿಯರಿನದು. ದೊಡ್ಡ 16 ಆಂಪಿಯರಿನದು ಬಾಡಿಗೆ ಮನೆಗಳಲ್ಲಿ ಅಡುಗೆಮನೆ, ಗೀಸರ್, ಹೆಚ್ಚೆಂದರೆ ಎಸಿ ಪಾಯಿಂಟಿನ ಹತ್ತಿರ ಸಿಗುತ್ತೆ. ಆಗ ಜನ ಮಾಡೋದೇನು? ಕನ್ವರ್ಟರ್ ಪ್ಲಗ್ ಸಿಕ್ಕಿಸಿ, ಮೊಬೈಲ್ ಚಾರ್ಜರ್ ಹಾಕೋ ಎಕ್ಸ್‌ಟೆನ್ಷನ್ ಬೋರ್ಡಿಗೇ ಹೀಟರ್ ಜೋಡಿಸುತ್ತಾರೆ.

ಇದರಲ್ಲಿ ಏನಾಗುತ್ತೆ ಅಂತ ಲೆಕ್ಕ ಹಾಕಿ. ಹಳೇ ಸಾಕೆಟ್ಟಿನ ಸಡಿಲ ಹಿಡಿತದಲ್ಲಿ ಅರ್ಧ ಓಮ್ ರೋಧ ಇದೆ ಅಂದುಕೊಳ್ಳೋಣ. 8.7 ಆಂಪಿಯರ್ ಹರಿದರೆ ಆ ಒಂದು ಚುಕ್ಕೆಯಲ್ಲೇ 38 ವ್ಯಾಟ್ ಶಾಖ. ಬೆಸುಗೆ ಹಾಕೋ ಸಾಮಾನ್ಯ ಸೋಲ್ಡರಿಂಗ್ ಐರನ್ನೇ 25 ವ್ಯಾಟು! ಗೋಡೆಯ ಪ್ಲಾಸ್ಟಿಕ್ಕಿನೊಳಗೆ ಅದಕ್ಕಿಂತ ಬಿಸಿಯಾದ ಒಂದನ್ನ ರಾತ್ರಿಯಿಡೀ ಇಟ್ಟ ಹಾಗಾಯಿತು. ಎಂಸಿಬಿ ಬೀಳುತ್ತಲ್ಲ ಅಂತೀರಾ? ಬೀಳಲ್ಲ. ಸಡಿಲ ಸಂಪರ್ಕದಿಂದ ಕರೆಂಟ್ ಹೆಚ್ಚಾಗಲ್ಲ, ಆದ್ದರಿಂದ ಎಂಸಿಬಿಗೆ ಗೊತ್ತೇ ಆಗಲ್ಲ. ಇದೇ ಜಾಗದಲ್ಲಿ 800 ವ್ಯಾಟಿನ ಹೀಟರ್ ಇದ್ದಿದ್ದರೆ ಅಲ್ಲಿ ಹುಟ್ಟೋದು 6 ವ್ಯಾಟ್. ಚಿಕ್ಕ ಹೀಟರಿನ ನಿಜವಾದ ಲಾಭ ಇದು. 'ಉಳಿತಾಯ' ಅಂತ ಬರೆಯೋ ಬದಲು ಇದನ್ನ ಬರೆದಿದ್ದರೆ ಒಪ್ಪುತ್ತಿದ್ದೆ. ಆದರೂ ಪ್ಲಗ್ ಮುಟ್ಟಿದರೆ ಬಿಸಿ ಅನ್ನಿಸಿದರೆ, ಸಾಕೆಟ್ಟಿನ ತೂತು ಕಂದುಬಣ್ಣಕ್ಕೆ ತಿರುಗಿದ್ದರೆ, ಹೀಟರ್ ಬಿಚ್ಚಿಟ್ಟು ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

'ಆಮ್ಲಜನಕ ಸುಡುವುದಿಲ್ಲ' ಅನ್ನೋದು ನಿಜವೇ, ಆದರೆ ಯಾವ ಕರೆಂಟ್ ಹೀಟರೂ ಆಮ್ಲಜನಕ ಸುಡಲ್ಲ. ನಮ್ಮ ಕೊತ್ತಂಬರಿ ಸೊಪ್ಪಿನಲ್ಲಿ ಕೊಲೆಸ್ಟರಾಲ್ ಇಲ್ಲ ಅಂದ ಹಾಗೆ ಇದು. ಸುಡೋದು ಕೆಂಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಜನ ಹೀಗೆ ಸಾಯುತ್ತಾರೆ. ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೆಂಡ ಇಡೋ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಅಲ್ಲಿ ಕರೆಂಟ್ ಹೀಟರು ಖಂಡಿತ ಒಳ್ಳೇದು. ಆದರೆ ಅಲ್ಲಿಗೆ ಕೆಂಪು ರಾಡಿನದು ಬೇಡ, ಎಣ್ಣೆ ರೇಡಿಯೇಟರೇ ಸರಿ. ಕೂಸಿಗೆ ಬಿಸಿಯಾದರೆ ಪಕ್ಕಕ್ಕೆ ಹೊರಳೋಕೆ ಬರಲ್ಲ. ರೇಡಿಯೇಟರಿನ ಎಣ್ಣೆ ಖರ್ಚಾಗಲ್ಲ, ತುಂಬಿಸಬೇಕಿಲ್ಲ. 13 ಫಿನ್ ಇದ್ದರೆ 9ಕ್ಕಿಂತ ಹೆಚ್ಚು ಬಿಸಿ ಅಂತ ಅಂಗಡಿಯವರು ಹೇಳುತ್ತಾರೆ, ಬಿಸಿ ನಿರ್ಧರಿಸೋದು ಫಿನ್ ಅಲ್ಲ, ಮತ್ತದೇ ವ್ಯಾಟು. ಹಾಗೇ, ಊರಿಂದ ಬಂದ ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಕೆಂಪು ರಾಡನ್ನ ಕಾಲ ಹತ್ತಿರ ಇಡಬೇಡಿ. ಸುಟ್ಟಿದ್ದು ಅವರಿಗೆ ಗೊತ್ತಾಗಲ್ಲ.

'ಚರ್ಮ ಒಣಗಿಸಲ್ಲ' ಅನ್ನೋದೂ ಇದೇ ಜಾತಿಯ ಮಾತು. ಗಾಳಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವ ಹೆಚ್ಚಾಗುತ್ತೆ, ಇರೋ ತೇವ ಅಷ್ಟೇ. ಹಾಗಾಗಿ ಯಾವುದರಿಂದ ಕಾಯಿಸಿದರೂ ಒಣಗಿದ ಹಾಗಾಗುತ್ತೆ.

'ಸೆರಾಮಿಕ್' ಮಾತ್ರ ಪೂರ್ತಿ ಬುರುಡೆ ಅಲ್ಲ. ಪಿಟಿಸಿ ಅನ್ನೋ ಬಗೆಯ ಬಿಲ್ಲೆಗಳು ಒಂದು ಮಟ್ಟಕ್ಕಿಂತ ಬಿಸಿಯಾದರೆ ಅವುಗಳ ರೋಧ ತಾನೇ ಜೋರಾಗಿ ಏರುತ್ತೆ, ಕರೆಂಟ್ ತಾನೇ ಇಳಿಯುತ್ತೆ. ಫ್ಯಾನಿಗೆ ಬಟ್ಟೆ ಅಡ್ಡ ಬಂದರೂ ಸುರುಳಿಯ ಹಾಗೆ ಕೆಂಪಗೆ ಕಾಯಲ್ಲ. ಅದು ಸುರಕ್ಷತೆಯ ಗುಣ. ಮಾರೋರು ಮಾತ್ರ ಅದನ್ನ ಉಳಿತಾಯ ಅಂತ ಮಾರುತ್ತಾರೆ. ಒಳ್ಳೆಯ ಗುಣಕ್ಕೆ ಸುಳ್ಳು ಹೆಸರು ಯಾಕೆ?

ರಿವ್ಯೂಗಳಿಂದಲೂ ಹೆಚ್ಚು ಸಹಾಯವಿಲ್ಲ. ಎಷ್ಟೋ ಐದು ಸ್ಟಾರುಗಳು ಪಾರ್ಸೆಲ್ ಬಂದ ದಿನವೇ ಕೊಟ್ಟದ್ದು: "ಪ್ಯಾಕಿಂಗ್ ಸೂಪರ್, ತುಂಬಾ ಬಿಸಿ ಬರ್ತಿದೆ." ಬಿಸಿ ಬರದೆ ಇನ್ನೇನು ಬರುತ್ತೆ? ಒಂದು ತಿಂಗಳಾದ ಮೇಲೆ ವೈರು ಮೆತ್ತಗಾಯಿತಾ, ಬೀಳಿಸಿದರೆ ತಾನೇ ಆಫ್ ಆಯಿತಾ ಅಂತ ಬರೆದವರು ಇದ್ದರೆ ಅವರನ್ನ ಮಾತ್ರ ಓದಿ.

ಖರ್ಚಿನ ಮಾತು ಬಿಡೋ ಹಾಗಿಲ್ಲ. 1000 ವ್ಯಾಟ್ ದಿನಕ್ಕೆ ಮೂರು ಗಂಟೆ ಅಂದರೆ ತಿಂಗಳಿಗೆ 90 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. 130 ಯೂನಿಟ್ ಸುಡೋ ಮನೆ ಈ ಒಂದು ಹೀಟರಿನಿಂದ ಗಡಿ ದಾಟುತ್ತೆ. 400 ವ್ಯಾಟಿನದಾದರೆ 36 ಯೂನಿಟ್, ಗಡಿಯ ಒಳಗೇ ಇರಬಹುದು.

ಹಾಗಾಗಿ ನನ್ನ ಶಿಫಾರಸು ಇಷ್ಟು. ಒಬ್ಬರಿಗೆ, ಕೂತ ಜಾಗಕ್ಕೆ: 400–800 ವ್ಯಾಟಿನ ಕ್ವಾರ್ಟ್ಜ್, ಮುಂದೆ ಗಟ್ಟಿ ಜಾಲರಿ, ಬಿದ್ದರೆ ಆಫ್ ಆಗೋ ಸ್ವಿಚ್ಚು, ಐಎಸ್‌ಐ ಗುರುತು. ಮಗುವಿನ ಕೋಣೆಗೆ: ರೇಡಿಯೇಟರು, ಅದೂ 16 ಆಂಪಿಯರ್ ಪಾಯಿಂಟ್ ಇದ್ದರೆ ಮಾತ್ರ. ಹಾಸಿಗೆ, ಪರದೆ ಮೂರಡಿ ದೂರ. ಬಚ್ಚಲುಮನೆಗೆ ಯಾವುದೂ ಬೇಡ. ಬರೀ ಮಲಗೋ ಹೊತ್ತಿನ ಚಳಿಗೆ ಅಂತಾದರೆ ಹೀಟರೇ ಬೇಡ, ಚಳ್ಳಕೆರೆ ಕಡೆಯದೊಂದು ಉಣ್ಣೆ ಕಂಬಳಿ ತನ್ನಿ. ಹೊಸದರಲ್ಲಿ ಚುಚ್ಚುತ್ತೆ, ಒಳಗೊಂದು ಹತ್ತಿ ದುಪ್ಪಟಿ ಹೊದ್ದರೆ ಆಯಿತು. ಅದಕ್ಕೆ ಸೊನ್ನೆ ವ್ಯಾಟು.