ಧ್ವನಿಯೂ ಬೋಧೆಯೂ

ಕಾವ್ಯದ ಉಪದೇಶವು ಪ್ರಭುವಿನ ಆಜ್ಞೆಯಂತಿರದೆ, ಗೆಳೆಯನ ಹಿತವಚನದಂತೆಯೂ ಇರದೆ, ಕಾಂತೆಯ ಮಾತಿನಂತೆ ಮನಸ್ಸನ್ನು ಒಲಿಸಿಕೊಂಡು ಒಳಹೊಗಬೇಕೆಂದು ಮಮ್ಮಟನು ಹೇಳಿರುವನಷ್ಟೆ. ಮಾತೇ ಇಲ್ಲದ ಸಂಗೀತವು ಉಪದೇಶಕ್ಕೆ ತೊಡಗಿದರೆ ಈ ನಿಯಮದ ಗತಿಯೇನು? ಭೂಮಿಯ ತಾಪವೇರಿ ಹಿಮವು ಕರಗುತ್ತಿರುವ ಈ ಕಾಲದಲ್ಲಿ, ಪ್ರಕೃತಿರಕ್ಷಣೆಗಾಗಿ ಸಂಗೀತವನ್ನು ದುಡಿಸಿಕೊಳ್ಳುವವರು ಹಲವರಿರುವುದರಿಂದ, ಈ ಪ್ರಶ್ನೆಯು ಬರಿಯ ಪಾಂಡಿತ್ಯದ್ದಲ್ಲ. ಅಮೆರಿಕದ ಸಂಗೀತರಚನಕಾರರಾದ ಜಾನ್ ಲೂಥರ್ ಆಡಮ್ಸರ ಎರಡು ಕೃತಿಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಮಾಡಬಹುದು.

1953ರಲ್ಲಿ ಮಿಸಿಸಿಪ್ಪಿಯಲ್ಲಿ ಜನಿಸಿದ ಆಡಮ್ಸರು 1978ರಲ್ಲಿ ಅಲಾಸ್ಕದಲ್ಲಿ ನೆಲಸಿ, ಅಲ್ಲಿಯ ಕಾಡುನಾಡುಗಳನ್ನು ಉಳಿಸುವ ಚಳವಳಿಯಲ್ಲಿ ದುಡಿದರು. 1980ರ ಶಾಸನದಿಂದ ಆ ಪ್ರಾಂತದಲ್ಲಿ 10 ಕೋಟಿ ಎಕರೆಗೂ ಮೀರಿದ ಭೂಮಿಗೆ ರಕ್ಷಣೆ ದೊರೆಯಿತು. ಕೆಲವು ಕಾಲ ಒಂದು ಪರಿಸರಸಂಸ್ಥೆಯ ಆಡಳಿತವನ್ನೂ ನಡಸಿ, ಕಡೆಗೆ ಅದನ್ನು ಬಿಟ್ಟು ಸಂಗೀತಕ್ಕೇ ತಮ್ಮನ್ನು ಒಪ್ಪಿಸಿಕೊಂಡರು. ಇದು ಪಲಾಯನವೋ, ಅದೇ ಕಾರ್ಯದ ಇನ್ನೊಂದು ಮುಖವೋ? ಉತ್ತರವನ್ನು ಕೃತಿಗಳೇ ಹೇಳಬೇಕು.

ಮೊದಲನೆಯದು ಫೇರ್‌ಬ್ಯಾಂಕ್ಸ್ ನಗರದಲ್ಲಿ ಅಲಾಸ್ಕ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ 2006ರಲ್ಲಿ ತೆರೆದ ಒಂದು ಕೊಠಡಿ. ‘ನೀನು ಆಲಿಸಲು ಹೋಗುವ ತಾಣ’ ಎಂಬುದು ಅದರ ಹೆಸರಿನ ಅರ್ಥ. ಉತ್ತರದ ಕಡಲಂಚಿನ ಒಂದು ಸ್ಥಳಕ್ಕೆ ಇನ್ಯುಪಿಯಾಕ್ ಜನರು ಇಟ್ಟ ಹೆಸರೇ ಇದು. ಇಲ್ಲಿ ವಾದಕರಿಲ್ಲ. ಸೂರ್ಯಚಂದ್ರರ ಸ್ಥಿತಿ, ಭೂಕಂಪಮಾಪಕಗಳ ಅಲುಗಾಟ, ಭೂಕಾಂತದ ಏರುಪೇರು—ಇವನ್ನು ಗಣಕಯಂತ್ರವು ಆಯಾ ಕ್ಷಣದಲ್ಲಿಯೇ ನಾದವಾಗಿಯೂ ಬೆಳಕಾಗಿಯೂ ಮಾರ್ಪಡಿಸುವುದು. ಹಗಲಿಗೆ ಒಂದು ಸ್ವರಸಮೂಹ, ಇರುಳಿಗೆ ಇನ್ನೊಂದು. ಧ್ರುವಪ್ರಭೆ ಮೂಡಿದಾಗ ಗಂಟೆಗಳಂಥ ನಾದ. ನೆಲ ಅದುರಿದಾಗ ತಗ್ಗುಸ್ಥಾಯಿಯ ಗುಡುಗು.

ಇದನ್ನು ಪ್ರಕೃತಿಯ ಸ್ವಂತ ಗಾನವೆಂದು ಹೊಗಳುವುದು ಸರಿಯಲ್ಲ. ಸೂರ್ಯನಿಗೆ ಇಂಥ ಸ್ವರ, ಭೂಮಿಗೆ ಇಂಥ ಸ್ವರವೆಂದು ಗೊತ್ತುಮಾಡಿದವರು ರಚನಕಾರರೇ. ಯಂತ್ರವು ಅಳೆಯುವುದು, ಆರಿಸುವವನು ಮನುಷ್ಯನು. ಅಳತೆಯ ಸತ್ಯವು ತಾನಾಗಿಯೇ ರಸವಾಗಲಾರದು. ಮೇಲಾಗಿ, ಯಾವ ನಾದವು ಯಾವುದರ ಗುರುತೆಂದು ತಿಳಿಯದೆ ಒಳಹೊಕ್ಕವನಿಗೆ ಕೃತಿಯ ಅರ್ಧವು ಮುಚ್ಚಿಯೇ ಇರುವುದು. ಆದರೂ ಅದರಲ್ಲಿ ಒಂದು ಗುಣವುಂಟು. ನಡುಚಳಿಗಾಲದಲ್ಲಿ ಫೇರ್‌ಬ್ಯಾಂಕ್ಸಿನ ಹಗಲು 4 ಗಂಟೆಯೂ ಇರದು. ಕೊಠಡಿಯ ಹಗಲೂ ಅಷ್ಟೇ. ಕೇಳುವವನ ಆತುರಕ್ಕಾಗಿ ಅದು ಬೇಗ ಬದಲಾಗದು. ಜಗತ್ತು ನಮ್ಮ ವಿನೋದಕ್ಕಾಗಿ ನಡೆಯುತ್ತಿಲ್ಲವೆಂಬ ಅರಿವನ್ನು ಯಾವ ಬೋಧಕನೂ ಇದಕ್ಕಿಂತ ಮೆಲ್ಲಗೆ ಕಲಿಸಲಾರನು.

ಎರಡನೆಯ ಕೃತಿ ‘ಬಿಕಮ್ ಓಷನ್’, ಎಂದರೆ ‘ಕಡಲಾಗು’. 2013ರಲ್ಲಿ ಸಿಯಾಟಲ್ ವಾದ್ಯವೃಂದವು ಮೊದಲು ನುಡಿಸಿದ ಈ ರಚನೆಗೆ ಮರುವರ್ಷ ಪುಲಿಟ್ಜರ್ ಬಹುಮಾನವು ಬಂದಿತು. ಸುಮಾರು 42 ನಿಮಿಷ ತಡೆಯಿಲ್ಲದೆ ಸಾಗುವ ಇದರಲ್ಲಿ ವಾದ್ಯಗಳು ಮೂರು ಗುಂಪುಗಳಾಗಿ ಒಡೆದು, ತಮ್ಮ ತಮ್ಮ ಗತಿಯಲ್ಲಿ ತೆರೆಗಳಂತೆ ಏರಿಳಿಯುವುವು. ಮೂರು ಬಾರಿ ಮಾತ್ರ ಎಲ್ಲ ತೆರೆಗಳೂ ಒಂದೇ ಕ್ಷಣದಲ್ಲಿ ಶಿಖರವನ್ನು ಮುಟ್ಟುವುವು. ಗುನುಗಲು ಒಂದು ರಾಗದ ಎಳೆಯೂ ಸಿಕ್ಕದು. ಧ್ರುವದ ಹಿಮ ಕರಗಿ ಕಡಲೇರಿದರೆ ಮನುಷ್ಯನು ಮತ್ತೆ ಕಡಲೇ ಆದಾನೆಂಬ ಎಚ್ಚರವನ್ನು ರಚನಕಾರರು ಟಿಪ್ಪಣಿಯಲ್ಲಿ ಸೂಚಿಸಿದ್ದಾರೆ. ಆದರೆ ಟಿಪ್ಪಣಿಯನ್ನು ಓದದವನೂ ಆ ಮಹಾತರಂಗದ ಕೆಳಗೆ ತನ್ನ ಅಲ್ಪತ್ವವನ್ನು ಕಾಣುವನು. ನೀರಿನ ಚೆಲುವು, ಅದೇ ನೀರಿನ ಭಯ—ಎರಡೂ ಒಂದೇ ನಾದದಲ್ಲಿ ಬೆರೆತಿರುವುವು. ವಾಚ್ಯವನ್ನು ಮೀರಿ ಹೊಳೆಯುವುದೇ ಧ್ವನಿಯೆಂದು ಆನಂದವರ್ಧನನು ಹೇಳಿದುದು ಇಲ್ಲಿ ಅಕ್ಷರಶಃ ಸಲ್ಲುವುದು. ಯಂತ್ರದ ನೆರವಿನ ಮೊದಲನೆಯ ಕೃತಿಗಿಂತ ಇದೇ ಮೇಲೆಂದು ನಮ್ಮ ಮತ.

ಹಾಗೆಂದು ಸಂಗೀತವು ಚಳವಳಿಯ ಸ್ಥಾನವನ್ನು ತುಂಬೀತೆಂದು ಭ್ರಮಿಸಬಾರದು. 10 ಕೋಟಿ ಎಕರೆಯನ್ನು ಕಾಯ್ದುದು ಶಾಸನ. ಅದಕ್ಕೆ ಬೇಕಾದುದು ಅರ್ಜಿ, ಸಭೆ, ವಾದ. ‘ಕಡಲಾಗು’ ಕೇಳಿ ಕಣ್ಣೊರಸಿಕೊಂಡು ಮನೆಗೆ ಹೋದವನು ಕರ್ತವ್ಯ ಮುಗಿಯಿತೆಂದುಕೊಂಡರೆ, ಅದು ಸಂಗೀತದ ದೋಷವಲ್ಲದಿದ್ದರೂ ಸಂಗೀತದಿಂದಲೇ ಹುಟ್ಟಿದ ಅಪಾಯ. ಆದರೆ ಯಾವುದನ್ನು ಕಾಯಬೇಕೋ ಅದರಲ್ಲಿ ಪ್ರೀತಿಯೇ ಇಲ್ಲದವನು ಅರ್ಜಿಯನ್ನಾದರೂ ಏಕೆ ಬರೆದಾನು? ಆ ಪ್ರೀತಿಯನ್ನು ಹುಟ್ಟಿಸುವ ಕೆಲಸವನ್ನು ಆಡಮ್ಸರು ವಹಿಸಿಕೊಂಡರು. ಅದನ್ನು ಪಲಾಯನವೆನ್ನುವುದು ಅನ್ಯಾಯ.