ದರ ಗೊತ್ತಾದ ಮೇಲೆ

ರಾಜ್ಯದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣ ತೆರೆದರೆ ಯಾವ ಮಾರುಕಟ್ಟೆಗೆ ಎಷ್ಟು ಮಾಲು ಬಂತು, ಕನಿಷ್ಠ ದರ ಎಷ್ಟು, ಗರಿಷ್ಠ ಎಷ್ಟು, ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಎಂಬುದೆಲ್ಲ ಕಾಣುತ್ತದೆ. ಕಿಸಾನ್ ಕಾಲ್ ಸೆಂಟರ್ 2004ರಿಂದಲೇ ಇದೆ; 1800-180-1551ಕ್ಕೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. 2016ರ ಏಪ್ರಿಲ್‌ನಲ್ಲಿ ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಬಂತು. ಬೆಳಗಾವಿ ಎಪಿಎಂಸಿಯ ದರ ತಿಳಿಯಲು ಖಾನಾಪುರದ ರೈತ ಈಗ ಬಸ್ ಹತ್ತಬೇಕಿಲ್ಲ. ಆದರೆ ದರ ಗೊತ್ತಾದ ಮೇಲೆ ಅವನು ಮಾಡಬಹುದಾದದ್ದಾದರೂ ಏನು? ಈ ಸೇವೆಗಳನ್ನು ಕಟ್ಟಿದವರು ಇದನ್ನು ಯೋಚಿಸಿದಂತಿಲ್ಲ.

ದರ ತಿಳಿಸಿದರೆ ಸಾಕು, ರೈತ ಗೆಲ್ಲುತ್ತಾನೆ ಎಂಬ ನಂಬಿಕೆಗೆ ಬಲ ಬಂದದ್ದು ನಮ್ಮ ಪಕ್ಕದ ಕಡಲಿನಿಂದ. 1997ರಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಗೆ ಮೊಬೈಲ್ ಕಾಲಿಟ್ಟಿತು. ಅಲ್ಲಿನ ಬೂತಾಯಿ ಮೀನುಗಾರರ ಬಗ್ಗೆ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಹೆಸರಾಯಿತು. ದೋಣಿಯಿಂದಲೇ ದಡದ ದರ ಕೇಳಿ ಬೇಡಿಕೆ ಇದ್ದ ಕಡೆ ಹೋದದ್ದರಿಂದ ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರಿಗೂ ಬೆಲೆ ಶೇ. 4ರಷ್ಟು ಇಳಿಯಿತು.

ಅದೇ 2007ರಲ್ಲಿ ಮಹಾರಾಷ್ಟ್ರದಲ್ಲಿ ರಾಯಿಟರ್ಸ್ ಮಾರ್ಕೆಟ್ ಲೈಟ್ ಎಂಬ ಸೇವೆ ಶುರುವಾಯಿತು. ದರ, ಹವಾಮಾನ, ಬೆಳೆ ಸಲಹೆಗಳನ್ನು ಎಸ್‌ಎಂಎಸ್‌ನಲ್ಲಿ ಕಳುಹಿಸುವುದು ಅದರ ಕೆಲಸ. ಫಾಫ್‌ಷಾಂ ಮತ್ತು ಮಿಂಟೆನ್ ಎಂಬ ಸಂಶೋಧಕರು ಅಲ್ಲಿನ 100 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು: ಸಂದೇಶ ಪಡೆದ ರೈತರಿಗೂ ಪಡೆಯದವರಿಗೂ ಸಿಕ್ಕ ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಈ ಎರಡನೆಯ ಅಧ್ಯಯನ ಭಾಷಣಗಳಲ್ಲಿ ಕೇಳಿಬರುವುದು ಕಡಿಮೆ. ಬೆಳಗಾವಿಗೆ ಹೆಚ್ಚು ಹತ್ತಿರದ ಪಾಠ ಮಾತ್ರ ಅದರದ್ದೇ.

ಮೀನುಗಾರನಿಗೆ ದೋಣಿಯೇ ಗಾಡಿ. ಫೋನ್ ಇಟ್ಟ ಕೂಡಲೇ ಅದರ ಮುಖ ತಿರುಗಿಸಿ ಇನ್ನೊಂದು ಬಂದರಿಗೆ ಹೋಗಬಲ್ಲ. ಖಾನಾಪುರದ ಕೆಂಪು ಮಣ್ಣಿನಲ್ಲಿ ಗೆಣಸು ಬೆಳೆದವನ ಸ್ಥಿತಿ ಬೇರೆ. ಅವನ ಮಾಲಿಗೆ ಗಿರಾಕಿ ಇರುವುದು ದೂರದ ದಿಲ್ಲಿ, ಮುಂಬೈಗಳಲ್ಲಿ. ನವರಾತ್ರಿ, ಶಿವರಾತ್ರಿಯ ಉಪವಾಸಗಳ ಹೊತ್ತಿಗೆ ಅಲ್ಲಿ ಬೇಡಿಕೆ ಏರುತ್ತದೆ. ಆ ಊರುಗಳಿಗೆ ಲಾರಿ ತುಂಬಿಸುವ ವರ್ತಕರು ಕೂರುವುದು ಬೆಳಗಾವಿಯಲ್ಲಿ. ನಾಲ್ವರು ಸೇರಿ ಟೆಂಪೊ ಮಾಡಿ ಚೀಲ ಇಳಿಸಿದ ಮೇಲೆ ದರ ಬಿದ್ದಿದೆ ಎಂದು ತಿಳಿದರೆ ವಾಪಸ್ ಒಯ್ಯಲು ಬಾಡಿಗೆ ಯಾರು ಕೊಡಬೇಕು? ಬಿತ್ತನೆಯ ಹೊತ್ತಿಗೆ ದಲಾಲರಿಂದ ಮುಂಗಡ ಪಡೆದವನಾದರೆ ಆ ಪ್ರಶ್ನೆಯೂ ಏಳುವುದಿಲ್ಲ. ಮಾಲು ಹೋಗಬೇಕಾದ ಅಂಗಡಿ ಆಗಲೇ ಗೊತ್ತಾಗಿರುತ್ತದೆ.

ಕಾಣುವ ದರವೂ ಅಷ್ಟು ನೇರವಲ್ಲ. ಕನಿಷ್ಠ–ಗರಿಷ್ಠಗಳ ನಡುವೆ ದೊಡ್ಡ ಅಂತರವಿದ್ದಾಗ ತನ್ನ ಗಡ್ಡೆ ಯಾವ ತುದಿಗೆ ಸೇರುತ್ತದೆ ಎಂದು ಪರದೆ ಹೇಳುವುದಿಲ್ಲ. ಅದು ಸವಾಲಿನ ಹೊತ್ತಿಗೆ ಕೊಳ್ಳುವವನ ಕಣ್ಣಳತೆಯಲ್ಲಿ ತೀರ್ಮಾನವಾಗುತ್ತದೆ. ಮೇಲಾಗಿ ಪರದೆಯಲ್ಲಿ ಕಾಣುವುದು ಮುಗಿದ ವ್ಯಾಪಾರದ ದರ. ಅದನ್ನು ನೋಡಿ ಊರವರೆಲ್ಲ ಒಟ್ಟಿಗೆ ಗೆಣಸು ಅಗೆದರೆ ಮುಂದಿನ ಮಾರುಕಟ್ಟೆಯ ದಿನ ಆ ದರ ಉಳಿದೀತೇ? ನಾಳೆ ಎಷ್ಟು ಗಾಡಿ ಬರಲಿವೆ ಎಂಬುದು ರೈತನಿಗೆ ನಿಜವಾಗಿ ಬೇಕಾದ ಸುದ್ದಿ. ಅದಕ್ಕೆ ಟೆಂಪೊ ಚಾಲಕನಿಗೆ ಮಾಡುವ ಒಂದು ಕರೆಯೇ ಸರ್ಕಾರಿ ಸೇವೆಗಿಂತ ವಾಸಿ.

ಸರ್ಕಾರಿ ಸೇವೆಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಕರ್ನಾಟಕ 2014ರಲ್ಲಿ ಆರಂಭಿಸಿದ ಏಕೀಕೃತ ಮಾರುಕಟ್ಟೆ ವೇದಿಕೆ. ಗೇಟಿನಲ್ಲಿ ಲಾಟಿಗೆ ಸಂಖ್ಯೆ ಬೀಳುತ್ತದೆ, ವರ್ತಕರು ಒಬ್ಬರದು ಒಬ್ಬರಿಗೆ ಕಾಣದಂತೆ ಆನ್‌ಲೈನ್ ಟೆಂಡರ್ ಹಾಕುತ್ತಾರೆ, ಗೆದ್ದ ದರ ರೈತನ ಮೊಬೈಲಿಗೆ ಬರುತ್ತದೆ, ಒಪ್ಪದಿದ್ದರೆ ತಿರಸ್ಕರಿಸಬಹುದು. ತೀರ್ಮಾನ ರೈತನ ಕೈಯಲ್ಲಿರುವಾಗಲೇ ಸುದ್ದಿ ಬರುವುದೇ ಇದರ ಗುಣ. ಕಾಳುಕಡಿಗೆ ಇದು ಹೊಂದುತ್ತದೆ. ಒಂದು ದಿನ ಕಾಯಲಾರದ ತರಕಾರಿಗೆ ಕೂಗಿನ ಸವಾಲೇ ಗತಿ.

ಭಾಷೆಯ ಮಾತೂ ಇದೆ. ಖಾನಾಪುರ ತಾಲ್ಲೂಕಿನ ಪೂರ್ವದ ಬೀಡಿ, ಇಟಗಿ ಕಡೆ ಕನ್ನಡ; ಪಶ್ಚಿಮದ ಜಾಂಬೋಟಿ, ಕಣಕುಂಬಿ ಕಡೆ ಮರಾಠಿ. ಗೆಣಸನ್ನು ರತಾಳಿ ಎನ್ನುವ ಮನೆಗೆ ಕನ್ನಡದ ಸಂದೇಶವೊಂದನ್ನೇ ಕಳುಹಿಸಿ ಸೇವೆ ತಲುಪಿತು ಎಂದು ಬರೆದುಕೊಳ್ಳುವುದು ಲೆಕ್ಕದ ಪುಸ್ತಕಕ್ಕಷ್ಟೇ ಚೆಂದ. ಭೀಮಗಡದ ಕಾಡಂಚಿನ ಹಳ್ಳಿಗಳಲ್ಲಂತೂ ಮೊದಲು ನೆಟ್‌ವರ್ಕ್ ಸಿಗಬೇಕು.

ಕಬ್ಬಿನ ಕತೆ ಇನ್ನೂ ಸ್ಪಷ್ಟ. ಇದರ ನ್ಯಾಯ ಮತ್ತು ಲಾಭದಾಯಕ ದರವನ್ನು ಕೇಂದ್ರವೇ ಪ್ರಕಟಿಸುತ್ತದೆ; ಅದು ಪತ್ರಿಕೆಯಲ್ಲಿ ಬರುತ್ತದೆ, ಚಹಾ ಅಂಗಡಿಯಲ್ಲೂ ಸಿಗುತ್ತದೆ. ಬೆಳೆಗಾರನ ಜಗಳ ತೂಕದ್ದು, ಬಾಕಿಯದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನಗಳೊಳಗೆ ಹಣ ಕೊಡಬೇಕು. ಹದಿನೈದನೆಯ ದಿನ ರೈತನಿಗೂ ಜಿಲ್ಲಾಡಳಿತಕ್ಕೂ ಒಂದೇ ಹೊತ್ತಿಗೆ ಬಾಕಿಯ ಸಂದೇಶ ಹೋಗುವಂತೆ ಮಾಡಲು ದೊಡ್ಡ ತಂತ್ರಜ್ಞಾನವೇನೂ ಬೇಡ. ತೂಕದ್ದೂ ಅಷ್ಟೇ: ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ ಎರಡೂ ಬೇರೆ ಬೇರೆಯಾಗಿ ಬೆಳೆಗಾರನ ಫೋನಿಗೆ ಬರಬೇಕು. ಮೊದಲನೆಯದು ಗಾಡಿ ಇನ್ನೂ ಕಾಟಾದ ಮೇಲೆ ನಿಂತಿರುವಾಗಲೇ ಬರಬೇಕು. ಆಮೇಲೆ ಬಂದರೆ ತಕರಾರು ಎತ್ತುವ ಹೊತ್ತಿಗೆ ಕಬ್ಬು ಗಾಣದೊಳಗೆ ಹೋಗಿರುತ್ತದೆ.